ಮಾದರಿ ರೈಲ್ವೆಯ ಪಾಯಿಂಟ್ ಮೋಟಾರುಗಳ ವೈರಿಂಗ್

ಪಾಯಿಂಟ್ ಮೋಟಾರು ಎಂಬುದು ಮಾದರಿ ರೈಲ್ವೆಯಲ್ಲಿ ಹಳಿ ಕವಲೊಡೆಯುವ ಸ್ಥಳದ ಚಲಿಸುವ ಅಲಗುಗಳನ್ನು ದೂರದಿಂದ ವಿದ್ಯುತ್ತಿನ ಸಹಾಯದಿಂದ ಸರಿಸುವ ಸಾಧನ. ಕವಲು ಹಳಿಗೆ ಬ್ರಿಟನ್ನಿನಲ್ಲಿ 'ಪಾಯಿಂಟ್' ಎಂದೂ ಅಮೆರಿಕದಲ್ಲಿ 'ಟರ್ನ್‌ಔಟ್' ಅಥವಾ 'ಸ್ವಿಚ್' ಎಂದೂ ಹೆಸರು. ಆದ್ದರಿಂದ ಇದೇ ಸಾಧನವನ್ನು ಅಮೆರಿಕದ ಹವ್ಯಾಸಿಗಳು 'ಸ್ವಿಚ್ ಮಷಿನ್' ಎಂದು ಕರೆಯುತ್ತಾರೆ. ಭಾರತೀಯ ರೈಲ್ವೆಯು ಬ್ರಿಟಿಷ್ ಪದವನ್ನೇ ಉಳಿಸಿಕೊಂಡಿದೆ. 'ಪಾಯಿಂಟ್ಸ್‌ಮನ್' ಎಂಬ ಹುದ್ದೆಯ ಹೆಸರು ಅಲ್ಲಿಂದಲೇ ಬಂದುದು. ಹಳಿ, ನಿಲ್ದಾಣ, ಸುರಂಗ ಮೊದಲಾದವುಗಳನ್ನು ಜೋಡಿಸಿದ ಹಲಗೆಯ ರಚನೆಗೆ 'ಲೇಔಟ್' ಎನ್ನುತ್ತಾರೆ. ಬಡಾವಣೆ ಎಂಬ ರೂಢಿಯ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರುಕಟ್ಟೆಯಲ್ಲಿ ದೊರೆಯುವ ಪಾಯಿಂಟ್ ಮೋಟಾರುಗಳು ಮುಖ್ಯವಾಗಿ ಮೂರು ಬಗೆಯವು: ಸೊಲೆನಾಯ್ಡ್, ನಿಧಾನ ಚಲನೆಯ ಮೋಟಾರು ಮತ್ತು ಸರ್ವೋ. ಮೂರೂ ಮಾಡುವ ಕೆಲಸ ಒಂದೇ ಆದರೂ ಅವು ಬೇಡುವ ವಿದ್ಯುತ್ ಪೂರೈಕೆ, ಸ್ವಿಚ್ಚು ಮತ್ತು ತಂತಿ ಪೂರ್ಣವಾಗಿ ಬೇರೆ ಬೇರೆ. ಒಂದು ಬಗೆಗೆ ಸರಿಯಾದ ಜೋಡಣೆ ಇನ್ನೊಂದು ಬಗೆಯ ಮೋಟಾರನ್ನು ಕೆಲವೇ ಕ್ಷಣಗಳಲ್ಲಿ ಸುಟ್ಟುಹಾಕಬಲ್ಲದು.

ಪಾಯಿಂಟಿನ ಭಾಗಗಳು

ಪಾಯಿಂಟಿನ ಹೊರಬದಿಯಲ್ಲಿ ಅಲುಗಾಡದ ಎರಡು ಹಳಿಗಳಿರುತ್ತವೆ. ಇವು ಸ್ಟಾಕ್ ಹಳಿಗಳು. ಇವುಗಳ ನಡುವೆ ತುದಿ ಚೂಪಾದ ಎರಡು ಅಲಗುಗಳಿದ್ದು, ಅವನ್ನು 'ಟೈ ಬಾರ್' ಎಂಬ ಅಡ್ಡಪಟ್ಟಿ ಒಂದಕ್ಕೊಂದು ಜೋಡಿಸುತ್ತದೆ. ಅಡ್ಡಪಟ್ಟಿ ಒಂದು ಬದಿಗೆ ಸರಿದಾಗ ಒಂದು ಅಲಗು ತನ್ನ ಪಕ್ಕದ ಸ್ಟಾಕ್ ಹಳಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ದೂರವಾಗುತ್ತದೆ. ಎರಡು ದಾರಿಗಳ ಒಳ ಹಳಿಗಳು ಪರಸ್ಪರ ಕೂಡುವ 'ವಿ' ಆಕಾರದ ಸ್ಥಳಕ್ಕೆ 'ಫ್ರಾಗ್' ಎಂದು ಹೆಸರು. 16.5 ಮಿ.ಮೀ. ಹಳಿ ಅಗಲದ ಓಓ ಮತ್ತು ಎಚ್ಓ ಪ್ರಮಾಣದ ಮಾದರಿಗಳಲ್ಲಿ ಟೈ ಬಾರ್ ಸರಿಯಬೇಕಾದ ದೂರ ಕೆಲವೇ ಮಿಲಿಮೀಟರು. ಈ ಅಲ್ಪ ಚಲನೆಯನ್ನು ಪ್ರತಿ ಬಾರಿಯೂ ಪೂರ್ತಿಯಾಗಿ ನಡೆಸುವುದೇ ಮೋಟಾರಿನ ಹೊಣೆ. ಅಲಗು ಅರ್ಧದಲ್ಲಿ ನಿಂತರೆ ಬಂಡಿಯ ಮುಂದಿನ ಚಕ್ರಗಳು ಒಂದು ದಾರಿಗೂ ಹಿಂದಿನವು ಇನ್ನೊಂದಕ್ಕೂ ಹೋಗಿ ರೈಲು ಹಳಿ ತಪ್ಪುತ್ತದೆ.

ನಿಜವಾದ ರೈಲ್ವೆಯಲ್ಲಿ ಅಲಗು ಪೂರ್ತಿ ಮುಚ್ಚಿದೆಯೆಂದು ಖಚಿತವಾಗುವವರೆಗೆ ಸಿಗ್ನಲ್ ಬಿಡುವುದಿಲ್ಲ. ಮಾದರಿ ರೈಲ್ವೆಯಲ್ಲಿ ಇಂತಹ ಪತ್ತೆ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮೋಟಾರನ್ನು ಜೋಡಿಸುವಾಗಿನ ಎಚ್ಚರವೇ ಇಲ್ಲಿ ಉಳಿಯುವ ಏಕೈಕ ರಕ್ಷಣೆ.

ಸೊಲೆನಾಯ್ಡ್ ಮೋಟಾರು

ಇದು ಬಹು ಹಳೆಯ ಬಗೆ, ಬ್ರಿಟನ್ನಿನಲ್ಲಿ ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಬಗೆಗಳಲ್ಲಿ ಒಂದು. ಪೆಕೋ ಸಂಸ್ಥೆಯ ಪಿಎಲ್-10, ಸೀಪ್ ಹೆಸರಿನ ಪಿಎಂ1 ಹಾಗೂ ಹಾರ್ನ್‌ಬಿಯ ಪಾಯಿಂಟ್ ಮೋಟಾರುಗಳು ಈ ಗುಂಪಿಗೆ ಸೇರುತ್ತವೆ. 'ಮೋಟಾರು' ಎಂಬ ಹೆಸರಿದ್ದರೂ ಇದರಲ್ಲಿ ತಿರುಗುವ ಭಾಗವಿಲ್ಲ. ಒಂದೇ ಸಾಲಿನಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳಿದ್ದು, ಅವುಗಳ ಒಳಗೆ ಕಬ್ಬಿಣದ ದಂಡವೊಂದು ಸಡಿಲವಾಗಿ ಕೂತಿರುತ್ತದೆ. ಎಡ ಸುರುಳಿಗೆ ವಿದ್ಯುತ್ ಹರಿಸಿದರೆ ದಂಡ ಎಡಕ್ಕೆ, ಬಲ ಸುರುಳಿಗೆ ಹರಿಸಿದರೆ ಬಲಕ್ಕೆ ಜಿಗಿಯುತ್ತದೆ. ದಂಡಕ್ಕೆ ಜೋಡಿಸಿದ ಕಡ್ಡಿಯು ಟೈ ಬಾರನ್ನು ತನ್ನೊಂದಿಗೆ ಎಳೆಯುತ್ತದೆ.

ಸುರುಳಿಯ ರೋಧ ಬಹಳ ಕಡಿಮೆ, ಹಲವು ಮಾದರಿಗಳಲ್ಲಿ 4 ಓಮ್‌ನ ಆಸುಪಾಸು. 16 ವೋಲ್ಟ್ ನೇರ ವಿದ್ಯುತ್ತಿಗೆ ಜೋಡಿಸಿದರೆ ಸುಮಾರು 4 ಆಂಪಿಯರ್ ಹರಿಯುತ್ತದೆ. ಎಂದರೆ ಹೆಬ್ಬೆರಳ ಗಾತ್ರದ ವಸ್ತುವೊಂದರಲ್ಲಿ 64 ವ್ಯಾಟ್ ಶಾಖ. ದಂಡ ಜಿಗಿಯಲು ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. ಆ ಬಳಿಕವೂ ವಿದ್ಯುತ್ ಹರಿಯುತ್ತಲೇ ಇದ್ದರೆ ಕೆಲವು ಸೆಕೆಂಡುಗಳಲ್ಲಿ ತಂತಿಯ ಮೇಲಿನ ಲೇಪ ಕರಗಿ, ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ, ಸುರುಳಿ ಸುಟ್ಟುಹೋಗುತ್ತದೆ. ಹೀಗಾಗಿ ಸೊಲೆನಾಯ್ಡ್ ವೈರಿಂಗ್‌ನ ಎಲ್ಲ ನಿಯಮಗಳೂ ಒಂದೇ ಅಗತ್ಯದಿಂದ ಹುಟ್ಟಿವೆ: ವಿದ್ಯುತ್ತು ಬಲವಾಗಿರಬೇಕು, ಆದರೆ ಕ್ಷಣಮಾತ್ರ ಇರಬೇಕು.

ಜೋಡಣೆಗೆ ಮೂರು ತಂತಿಗಳು ಬೇಕು. ಪ್ರತಿ ಸುರುಳಿಗೆ ಎರಡರಂತೆ ಒಟ್ಟು ನಾಲ್ಕು ತುದಿಗಳಿದ್ದು, ಒಂದೊಂದು ಸುರುಳಿಯ ಒಂದೊಂದು ತುದಿಯನ್ನು ಪರಸ್ಪರ ಸೇರಿಸಿ ಸಾಮಾನ್ಯ ವಾಪಸು ತಂತಿಗೆ ಕೂಡಿಸುತ್ತಾರೆ. ಉಳಿದ ಎರಡು ತುದಿಗಳಿಂದ ಎರಡು ತಂತಿಗಳು ಸ್ವಿಚ್ಚಿಗೆ ಹೋಗುತ್ತವೆ. ಪಿಎಲ್-10ರಲ್ಲಿ ನಾಲ್ಕೂ ತುದಿಗಳು ಹೊರಗೆ ಕಾಣುತ್ತವೆ, ಸೇರಿಸುವ ಕೆಲಸ ಬಳಕೆದಾರನದು. ಪಿಎಂ1ರಲ್ಲಿ ಸೇರಿಕೆ ಒಳಗೇ ಆಗಿರುತ್ತದೆ. ಅದರ ಎ ಮತ್ತು ಬಿ ತುದಿಗಳು ಎರಡು ಸುರುಳಿಗಳಿಗೆ, ಸಿ ಸಾಮಾನ್ಯ ವಾಪಸಿಗೆ ಮೀಸಲು. ಡಿ, ಇ, ಎಫ್ ತುದಿಗಳು ಫ್ರಾಗ್ ಸ್ವಿಚ್ಚಿಗೆ ಸೇರಿದವು. ಲೇಔಟಿನ ಎಲ್ಲ ಸೊಲೆನಾಯ್ಡ್‌ಗಳ ವಾಪಸು ತಂತಿ ಒಂದೇ ಆಗಿರಬಹುದು. ಇದರಿಂದ ನಿಯಂತ್ರಣ ಫಲಕಕ್ಕೆ ಬರುವ ತಂತಿಗಳ ಸಂಖ್ಯೆ ಮೂರನೇ ಒಂದರಷ್ಟು ಇಳಿಯುತ್ತದೆ.

ಸ್ವಿಚ್ಚು ಕೈ ಬಿಟ್ಟೊಡನೆ ತೆರೆದುಕೊಳ್ಳುವ ಬಗೆಯದೇ ಆಗಿರಬೇಕು. ಗುಂಡಿ ಒತ್ತುವ ಎರಡು ಬಟನ್‌ಗಳು, ನಡುಸ್ಥಾನಕ್ಕೆ ತಾನಾಗಿ ಮರಳುವ ಸ್ಪ್ರಿಂಗ್ ಟಾಗಲ್ ಸ್ವಿಚ್ಚು, ಅಥವಾ ಸರಿಯುವಾಗ ಕ್ಷಣಕಾಲ ಮಾತ್ರ ಸಂಪರ್ಕ ನೀಡುವ ಸನ್ನೆ ಸ್ವಿಚ್ಚು ಇದಕ್ಕೆ ಬಳಕೆಯಲ್ಲಿವೆ. ಕೊನೆಯದಕ್ಕೆ ಹಾರ್ನ್‌ಬಿಯ ಕಪ್ಪು ಸನ್ನೆ ಸ್ವಿಚ್ಚು ಬಹು ಪರಿಚಿತ ಉದಾಹರಣೆ. ಸನ್ನೆ ಯಾವ ಕಡೆಗಿದೆ ಎಂಬುದರಿಂದ ಪಾಯಿಂಟಿನ ಸ್ಥಿತಿ ತಿಳಿಯುವುದು ಇದರ ಅನುಕೂಲ. ಸನ್ನೆಯನ್ನು ನಡುವೆಯೇ ನಿಲ್ಲಿಸಿದರೆ ಸಂಪರ್ಕ ಹಾಗೆಯೇ ಉಳಿದು ಸುರುಳಿ ಬೇಯುವುದು ಇದರ ಅಪಾಯ. ಮನೆಯ ದೀಪಕ್ಕೆ ಬಳಸುವಂತಹ, ಹಾಕಿದರೆ ಹಾಕಿದಂತೆಯೇ ಇರುವ ಸ್ವಿಚ್ಚನ್ನು ಸೊಲೆನಾಯ್ಡ್‌ಗೆ ನೇರವಾಗಿ ಎಂದಿಗೂ ಜೋಡಿಸಬಾರದು.

ದಂಡ ಜಿಗಿದ ಮೇಲೆ ಅದನ್ನು ಅಲ್ಲೇ ಹಿಡಿದಿಡುವ ಶಕ್ತಿ ಸಾಮಾನ್ಯ ಸೊಲೆನಾಯ್ಡ್‌ಗೆ ಇಲ್ಲ. ಪೆಕೋ ಪಾಯಿಂಟಿನ ಟೈ ಬಾರಿನಲ್ಲಿ ಇರುವ ಸಣ್ಣ ಸ್ಪ್ರಿಂಗ್ ಆ ಕೆಲಸ ಮಾಡುತ್ತದೆ. ಸ್ಪ್ರಿಂಗ್ ಇಲ್ಲದ ಪಾಯಿಂಟುಗಳಿಗೆ ಹಿಡಿತದ ವ್ಯವಸ್ಥೆ ಒಳಗೇ ಇರುವ ಮಾದರಿಯನ್ನು, ಉದಾಹರಣೆಗೆ ಸೀಪ್ ಪಿಎಂ4 ಅನ್ನು, ಆರಿಸಬೇಕಾಗುತ್ತದೆ.

ಜಪಾನಿನ ಕ್ಯಾಟೋ ಸಂಸ್ಥೆಯ ಯೂನಿಟ್ರ್ಯಾಕ್ ಪಾಯಿಂಟುಗಳಲ್ಲಿ ಇರುವುದೂ ಸೊಲೆನಾಯ್ಡೇ ಆದರೂ ಅದಕ್ಕೆ ಎರಡೇ ತಂತಿಗಳು. ಅಲ್ಲಿ ಒಂದೇ ಸುರುಳಿಯಿದ್ದು, ವಿದ್ಯುತ್ತಿನ ದಿಕ್ಕನ್ನು ಬದಲಿಸಿ ಕ್ಷಣಿಕ ಮಿಡಿತ ನೀಡಿದಾಗ ಅಲಗು ಆಚೀಚೆ ಸರಿಯುತ್ತದೆ. ಇದಕ್ಕೆ ನೇರ ವಿದ್ಯುತ್ತೇ ಬೇಕು. ಮೂರು ತಂತಿಯ ಸೊಲೆನಾಯ್ಡ್‌ಗೆಂದು ಮಾಡಿದ ಸ್ವಿಚ್ಚು ಅಥವಾ ಡಿಕೋಡರ್ ಇದಕ್ಕೆ ನೇರವಾಗಿ ಹೊಂದುವುದಿಲ್ಲ.

ಕೆಪಾಸಿಟರ್ ವಿಸರ್ಜನ ಘಟಕ

ಸಾಮಾನ್ಯ ರೈಲು ನಿಯಂತ್ರಕದ ಉಪ ಹೊರಹರಿವು ಒಂದು ಆಂಪಿಯರ್‌ನ ಆಸುಪಾಸಿನದು. ಅದಕ್ಕೆ ಸೊಲೆನಾಯ್ಡನ್ನು ನೇರವಾಗಿ ಜೋಡಿಸಿದರೆ ವೋಲ್ಟೇಜು ಕುಸಿದು ದಂಡ ಗುಂಯ್‌ಗುಟ್ಟುತ್ತದೆಯೇ ಹೊರತು ಜಿಗಿಯುವುದಿಲ್ಲ. ಈ ಕೊರತೆಯನ್ನೂ ಸುರುಳಿ ಸುಡುವ ಅಪಾಯವನ್ನೂ ಒಟ್ಟಿಗೆ ನೀಗಿಸುವ ಸಾಧನವೇ ಕೆಪಾಸಿಟರ್ ವಿಸರ್ಜನ ಘಟಕ. ಹವ್ಯಾಸಿಗಳ ನಡುವೆ ಇದಕ್ಕೆ ಸಿಡಿಯು ಎಂಬ ಮೊಟಕು ಹೆಸರು ರೂಢಿಯಲ್ಲಿದೆ. ಸಣ್ಣ ನಲ್ಲಿಯಿಂದ ನಿಧಾನವಾಗಿ ಕೊಡ ತುಂಬಿಸಿ ಒಮ್ಮೆಲೇ ಸುರಿದಂತೆ ಇದರ ಕೆಲಸ.

16 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಡಯೋಡಿನ ಮೂಲಕ ಹಾಯಿಸಿ ಕೆಪಾಸಿಟರಿಗೆ ತುಂಬಿದರೆ, ಅಲೆಯ ಶಿಖರದ ಲೆಕ್ಕದಲ್ಲಿ ಅದು ಸುಮಾರು 22 ವೋಲ್ಟಿಗೆ ಏರುತ್ತದೆ. ಕೆಪಾಸಿಟರಿನಲ್ಲಿ ಸಂಗ್ರಹವಾಗುವ ಶಕ್ತಿಯು ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದುದರ ಅರ್ಧ. 4,700 ಮೈಕ್ರೊಫ್ಯಾರಡ್‌ಗೆ ಇದು ಸುಮಾರು 1.1 ಜೂಲ್. ಗುಂಡಿ ಒತ್ತಿದಾಗ ಈ ಶಕ್ತಿ ಸೆಕೆಂಡಿನ ನೂರರಲ್ಲಿ ಕೆಲವು ಭಾಗದೊಳಗೆ ಸುರುಳಿಯ ಮೂಲಕ ಹರಿದುಹೋಗುತ್ತದೆ. ಆರಂಭದ ಪ್ರವಾಹ 5 ಆಂಪಿಯರ್ ದಾಟಿದರೂ ಅದು ಉಳಿಯುವ ಕಾಲ ಅತ್ಯಲ್ಪವಾದ್ದರಿಂದ ಸುರುಳಿ ಬಿಸಿಯಾಗುವುದಿಲ್ಲ.

ಅತಿ ಸರಳ ಘಟಕದಲ್ಲಿ ಡಯೋಡ್ ಮತ್ತು ಕೆಪಾಸಿಟರಿನ ನಡುವೆ ಒಂದು ರೋಧಕ ಮಾತ್ರ ಇರುತ್ತದೆ. 100 ಓಮ್ ರೋಧಕವಿದ್ದರೆ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಸುರುಳಿಗೆ ಹರಿಯುವುದು ಹೆಚ್ಚೆಂದರೆ ಸುಮಾರು 0.2 ಆಂಪಿಯರ್. ಸುರುಳಿ ಇದನ್ನು ತಡೆದುಕೊಳ್ಳುತ್ತದೆ. ಆದರೆ ಕೆಪಾಸಿಟರ್ ಮತ್ತೆ ತುಂಬಲು ಎರಡು ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಮೇಲಾಗಿ ಗುಂಡಿ ಒತ್ತಿಯೇ ಇದ್ದಾಗ ರೋಧಕವೇ ಚೆನ್ನಾಗಿ ಕಾಯುವುದರಿಂದ ಕಾಲು ವ್ಯಾಟಿನ ಸಾಮಾನ್ಯ ರೋಧಕ ಇಲ್ಲಿ ಸಾಲದು, 5 ವ್ಯಾಟ್ ಅಥವಾ ಹೆಚ್ಚಿನ ಸಾಮರ್ಥ್ಯದ್ದು ಬೇಕು. ರೋಧಕದ ಬದಲು ಟ್ರಾನ್ಸಿಸ್ಟರ್ ಬಳಸಿದ ಘಟಕಗಳು ಬೇಗ ತುಂಬುತ್ತವೆ, ಗುಂಡಿ ಒತ್ತಿರುವಷ್ಟು ಹೊತ್ತು ತುಂಬುವಿಕೆಯನ್ನೇ ನಿಲ್ಲಿಸುತ್ತವೆ. ಕೊಂಡು ತರುವುದಾದರೆ ಈ ಬಗೆಯದೇ ಲೇಸು.

ಕೆಪಾಸಿಟರಿನ ಮೇಲೆ ನಮೂದಿಸಿದ ವೋಲ್ಟೇಜು ಶಿಖರ ವೋಲ್ಟೇಜಿಗಿಂತ ಹೆಚ್ಚಿರಲೇಬೇಕು. 16 ವೋಲ್ಟ್ ಪೂರೈಕೆಗೆ 35 ವೋಲ್ಟಿನ ಕೆಪಾಸಿಟರ್ ಸಾಕು. 24 ವೋಲ್ಟ್ ಪರ್ಯಾಯ ಪೂರೈಕೆಯ ಶಿಖರ 34 ವೋಲ್ಟಿನಷ್ಟಿರುವುದರಿಂದ ಅಲ್ಲಿ 50 ವೋಲ್ಟಿನದು ಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ತಿರುಗುಮುರುಗಾಗಿ ಜೋಡಿಸಿದರೆ ಅದು ಸಿಡಿಯಬಹುದು.

ತಂತಿಯ ದಪ್ಪ

ಸಿಡಿಯು ಇದ್ದೂ ಸೊಲೆನಾಯ್ಡ್ ನಿತ್ರಾಣವಾಗಿ ಅಲುಗುತ್ತಿದ್ದರೆ ಅನೇಕ ಬಾರಿ ತಂತಿಯೇ ಕಾರಣ. ನಿಯಂತ್ರಣ ಫಲಕದಿಂದ 5 ಮೀಟರ್ ದೂರದ ಪಾಯಿಂಟಿಗೆ ಹೋಗಿಬರುವ ತಂತಿಯ ಉದ್ದ 10 ಮೀಟರ್. 0.2 ಮಿ.ಮೀ.ನ 7 ಎಳೆಗಳ ತಂತಿಯಲ್ಲಿ ಇಷ್ಟು ಉದ್ದದ ರೋಧ ಸುಮಾರು 0.8 ಓಮ್. 4 ಓಮ್ ಸುರುಳಿಯ ಮುಂದೆ ಇದು ಸಣ್ಣದೇನಲ್ಲ; ಕೆಪಾಸಿಟರಿನ ಶಕ್ತಿಯಲ್ಲಿ ಆರನೇ ಒಂದು ಭಾಗ ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ. 16 ಎಳೆಗಳ ತಂತಿಯಲ್ಲಿ ನಷ್ಟ ಸುಮಾರು ಶೇ. 8ಕ್ಕೂ 32 ಎಳೆಗಳದರಲ್ಲಿ ಶೇ. 4ಕ್ಕೂ ಇಳಿಯುತ್ತದೆ. ಎರಡು ಸುರುಳಿಗಳನ್ನು ಒಟ್ಟಿಗೆ ನಡೆಸುವಾಗ ವಾಪಸು ತಂತಿಯಲ್ಲಿ ಇಮ್ಮಡಿ ಪ್ರವಾಹ ಹರಿಯುವುದರಿಂದ, ಬಿಡಿ ತಂತಿಗಳಿಗೆ 16 ಎಳೆ, ವಾಪಸಿಗೆ 32 ಎಳೆ ಎಂಬುದು ಮಧ್ಯಮ ಗಾತ್ರದ ಲೇಔಟಿಗೆ ಒಪ್ಪುವ ಲೆಕ್ಕ. ಮುಂದೆ ಹೇಳುವ ನಿಧಾನ ಚಲನೆಯ ಮೋಟಾರುಗಳಿಗೆ ಈ ಚಿಂತೆಯಿಲ್ಲ, ಅವಕ್ಕೆ 7 ಎಳೆಯ ತಂತಿಯೇ ಧಾರಾಳ.

ಒಂದೇ ಗುಂಡಿಗೆ ಹಲವು ಪಾಯಿಂಟುಗಳು

ಜೋಡಿ ಹಳಿಗಳ ನಡುವೆ ದಾಟುವ ಕಡೆ ಎರಡು ಪಾಯಿಂಟುಗಳು ಯಾವಾಗಲೂ ಒಟ್ಟಿಗೆ ಸರಿಯಬೇಕು. ಅವುಗಳ ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿ ಒಂದೇ ಸ್ವಿಚ್ಚಿಗೆ ಕೊಟ್ಟರೆ ಆಯಿತು. ಸಿಡಿಯುವಿನ ಧಾರಕತೆ ಮಾತ್ರ ಅದಕ್ಕೆ ತಕ್ಕಷ್ಟು ಹೆಚ್ಚಿರಬೇಕು.

ಹಲವು ಕವಲುಗಳಿರುವ ಯಾರ್ಡಿನಲ್ಲಿ, ಬೇಕಾದ ಹಳಿಯ ಗುಂಡಿಯೊಂದನ್ನು ಒತ್ತಿದೊಡನೆ ದಾರಿಯ ಎಲ್ಲ ಪಾಯಿಂಟುಗಳೂ ಸರಿಯುವಂತೆ ಮಾಡಲು ಡಯೋಡ್ ಜಾಲವನ್ನು ಬಳಸುತ್ತಾರೆ. ಇದರ ತರ್ಕ ಮೂರು ಹಳಿಯ ಯಾರ್ಡಿನಿಂದ ಸ್ಪಷ್ಟವಾಗುತ್ತದೆ. ಮೊದಲ ಪಾಯಿಂಟು ನೇರವಾಗಿದ್ದರೆ ರೈಲು ಒಂದನೇ ಹಳಿಗೆ ಹೋಗುತ್ತದೆ. ಅದು ಕವಲಿಗೆ ತಿರುಗಿದ್ದರೆ ಎರಡನೇ ಪಾಯಿಂಟು ಸಿಗುತ್ತದೆ. ಅದು ನೇರವಾಗಿದ್ದರೆ ಎರಡನೇ ಹಳಿ, ತಿರುಗಿದ್ದರೆ ಮೂರನೇ ಹಳಿ. ಇಲ್ಲಿ ಮೊದಲ ಪಾಯಿಂಟಿನ ಕವಲು ಸುರುಳಿಯು ಎರಡನೇ ಗುಂಡಿಗೂ ಮೂರನೇ ಗುಂಡಿಗೂ ಬೇಕು. ತಂತಿಗಳನ್ನು ಸುಮ್ಮನೆ ಕೂಡಿಸಿಬಿಟ್ಟರೆ, ಎರಡನೇ ಗುಂಡಿ ಒತ್ತಿದಾಗ ವಿದ್ಯುತ್ತು ಆ ಸುರುಳಿಯ ತುದಿಯಿಂದ ಮೂರನೇ ಗುಂಡಿಯ ತಂತಿಗೆ ಹಿಮ್ಮುಖವಾಗಿ ನುಗ್ಗಿ, ಎರಡನೇ ಪಾಯಿಂಟಿನ ಎರಡೂ ಸುರುಳಿಗಳನ್ನು ಏಕಕಾಲಕ್ಕೆ ಎಳೆಯುತ್ತದೆ. ಎರಡು ಗುಂಡಿಗಳಿಂದಲೂ ಆ ಸುರುಳಿಗೆ ಹೋಗುವ ತಂತಿಗಳಲ್ಲಿ ಒಂದೊಂದು ಡಯೋಡ್ ಇಟ್ಟರೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಒಂದೇ ಗುಂಡಿಗೆ ಸೇರಿದ ಸುರುಳಿಗಳಿಗೆ ಡಯೋಡ್ ಬೇಕಿಲ್ಲ, ಆದ್ದರಿಂದ ಇಡೀ ಯಾರ್ಡಿಗೆ ಎರಡೇ ಡಯೋಡ್ ಸಾಕು. ಡಯೋಡುಗಳು ಕ್ಷಣಿಕವಾದ ದೊಡ್ಡ ಪ್ರವಾಹವನ್ನು ತಾಳಬೇಕಾದ್ದರಿಂದ 3 ಆಂಪಿಯರ್ ವರ್ಗದವು ರೂಢಿಯಲ್ಲಿವೆ.

ನಿಧಾನ ಚಲನೆಯ ಮೋಟಾರುಗಳು

ಸೊಲೆನಾಯ್ಡಿನ ಠಕ್ಕೆಂಬ ಹೊಡೆತದ ಬದಲು ನಿಜವಾದ ರೈಲ್ವೆಯಂತೆ ಅಲಗು ಮೆಲ್ಲಗೆ ಸರಿಯಬೇಕೆನ್ನುವವರು ಈ ಬಗೆಯನ್ನು ಆರಿಸುತ್ತಾರೆ. ಅಮೆರಿಕದ ಸರ್ಕ್ಯುಟ್ರಾನ್ ಸಂಸ್ಥೆಯ 'ಟಾರ್ಟಾಯ್ಸ್', ಅಂದರೆ ಆಮೆ, ಇವುಗಳಲ್ಲಿ ಪ್ರಸಿದ್ಧ. ಇದರಲ್ಲಿ ಸಣ್ಣ ಡಿಸಿ ಮೋಟಾರು ಹಲ್ಲುಚಕ್ರಗಳ ಮೂಲಕ ಉಕ್ಕಿನ ತಂತಿಯೊಂದನ್ನು ಸುಮಾರು ಮೂರು ಸೆಕೆಂಡಿನಲ್ಲಿ ಆಚೆ ಬದಿಗೆ ತಳ್ಳುತ್ತದೆ. ತುದಿ ಮುಟ್ಟಿದ ಮೇಲೆ ಮೋಟಾರು ನಿಂತುಬಿಡುತ್ತದೆ, ಆದರೆ ವಿದ್ಯುತ್ ಕಡಿತವಾಗುವುದಿಲ್ಲ. ನಿಂತ ಸ್ಥಿತಿಯಲ್ಲೇ ನಿರಂತರ ಹರಿಯುವಂತೆ ಅದನ್ನು ರೂಪಿಸಲಾಗಿದೆ. ಆಗ ಅದು ಬಳಸುವುದು 12 ವೋಲ್ಟಿನಲ್ಲಿ ಸುಮಾರು 16 ಮಿಲಿಆಂಪಿಯರ್ ಮಾತ್ರ. ಇಪ್ಪತ್ತು ಮೋಟಾರುಗಳಿಗೂ ಅರ್ಧ ಆಂಪಿಯರಿನ ಅಡಾಪ್ಟರ್ ಸಾಕೆಂದರೆ ಸೊಲೆನಾಯ್ಡಿಗೂ ಇದಕ್ಕೂ ಇರುವ ಅಂತರ ಮನದಟ್ಟಾಗುತ್ತದೆ.

ಮೋಟಾರಿಗೆ ಎರಡೇ ತಂತಿಗಳು. ಅವುಗಳ ಧ್ರುವತೆ ಬದಲಾದಂತೆ ದಿಕ್ಕು ಬದಲಾಗುತ್ತದೆ. ಇದಕ್ಕೆ ಆರು ತುದಿಗಳ ಜೋಡಿ ಟಾಗಲ್ ಸ್ವಿಚ್ಚು ಬೇಕು, ಮತ್ತು ಅದು ಹಾಕಿದ ಕಡೆಯೇ ನಿಲ್ಲುವ ಬಗೆಯದಾಗಿರಬೇಕು. ನಡುವಿನ ಎರಡು ತುದಿಗಳಿಂದ ಮೋಟಾರಿಗೆ, ಒಂದು ಬದಿಯ ಎರಡು ತುದಿಗಳಿಗೆ 12 ವೋಲ್ಟ್ ಪೂರೈಕೆಯಿಂದ, ಅಲ್ಲಿಂದ ಇನ್ನೊಂದು ಬದಿಯ ತುದಿಗಳಿಗೆ ಕತ್ತರಿಯಾಕಾರದಲ್ಲಿ ಅಡ್ಡತಂತಿಗಳು. ಟಾರ್ಟಾಯ್ಸ್‌ನ ಎಂಟು ತುದಿಗಳಲ್ಲಿ 1 ಮತ್ತು 8 ಮೋಟಾರಿಗೆ ಸೇರಿದವು. ಉಳಿದವು ಒಳಗಿರುವ ಎರಡು ಬದಲಿ ಸ್ವಿಚ್ಚುಗಳವು. 4 ಮತ್ತು 5 ಅವುಗಳ ಸಾಮಾನ್ಯ ತುದಿಗಳು. ಒಂದು ಸ್ವಿಚ್ಚು ಫ್ರಾಗ್‌ಗೆ, ಇನ್ನೊಂದು ಸಿಗ್ನಲಿಗೆ ಅಥವಾ ಫಲಕದ ದೀಪಕ್ಕೆ ಒದಗುತ್ತದೆ.

ಅಡ್ಡತಂತಿಗಳ ಬೆಸುಗೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು. 12 ವೋಲ್ಟಿನ ಎರಡು ಪ್ರತ್ಯೇಕ ಡಿಸಿ ಅಡಾಪ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಅವು ಕೂಡುವ ನಡುಬಿಂದುವನ್ನು ಎಲ್ಲ ಮೋಟಾರುಗಳ ಸಾಮಾನ್ಯ ವಾಪಸಾಗಿ ಬಳಸುವುದು. ಆಗ ಪ್ರತಿ ಮೋಟಾರಿಗೂ ಮೂರು ತುದಿಗಳ ಸಾಧಾರಣ ಸ್ವಿಚ್ಚು ಸಾಕು. ಒಂದು ಬದಿಗೆ ಧನ, ಇನ್ನೊಂದು ಬದಿಗೆ ಋಣ.

ಪ್ರವಾಹ ಇಷ್ಟು ಕಡಿಮೆಯಿರುವುದರಿಂದ ಸಿಗುವ ಲಾಭವೊಂದಿದೆ. ಎರಡು ಬಣ್ಣದ, ಎರಡು ಕಾಲಿನ ಎಲ್‌ಇಡಿಯನ್ನು ಮೋಟಾರಿನ ತಂತಿಯಲ್ಲೇ ಸರಣಿಯಾಗಿ ಇಡಬಹುದು. ಬೇರೆ ರೋಧಕ ಬೇಕಿಲ್ಲ. ಪಾಯಿಂಟು ಒಂದು ಕಡೆಗಿದ್ದಾಗ ಹಸಿರು, ಇನ್ನೊಂದು ಕಡೆಗಿದ್ದಾಗ ಕೆಂಪು ಉರಿಯುತ್ತದೆ. ಮೋಟಾರಿಗೆ ಸುಮಾರು 2 ವೋಲ್ಟ್ ಕಡಿಮೆಯಾಗಿ ಅದು ಇನ್ನೂ ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ.

ಪೆಕೋ ಪಾಯಿಂಟಿನ ಸ್ಪ್ರಿಂಗನ್ನು ಈ ಮೋಟಾರುಗಳಿಗಾಗಿ ತೆಗೆದುಹಾಕುವುದು ವಾಡಿಕೆ. ಇಲ್ಲವಾದರೆ ಅಲಗು ಅರ್ಧ ದಾರಿ ಮೆಲ್ಲಗೆ ಬಂದು ಅನಂತರ ಸ್ಪ್ರಿಂಗಿನ ಸೆಳೆತಕ್ಕೆ ಜಿಗಿಯುತ್ತದೆ. ಇದೇ ಗುಂಪಿಗೆ ಸೇರುವ ಇನ್ನೊಂದು ಉಪಬಗೆಯಲ್ಲಿ ಮೋಟಾರು ತುದಿ ಮುಟ್ಟಿದಾಗ ಮಿತಿ ಸ್ವಿಚ್ಚು ವಿದ್ಯುತ್ತನ್ನು ಕಡಿಯುತ್ತದೆ. ಇವುಗಳ ಬಾಹ್ಯ ವೈರಿಂಗ್ ಹೆಚ್ಚು ಕಡಿಮೆ ಇದೇ ತೆರನಾದುದು. ಆದರೆ ಮಿತಿ ಸ್ವಿಚ್ಚು ಹೊಂದಾಣಿಕೆ ತಪ್ಪಿದರೆ ಮೋಟಾರು ನಿಲ್ಲದೆ ತಳ್ಳುತ್ತಲೇ ಇರುತ್ತದೆ, ಇಂಥದ್ದರಲ್ಲಿ ಸರಣಿ ಎಲ್‌ಇಡಿಯೂ ಕೆಲಸ ಮಾಡದು.

ಸರ್ವೋ

ರೇಡಿಯೊ ನಿಯಂತ್ರಿತ ವಿಮಾನಗಳಿಗೆಂದು ಬಂದ ಸಣ್ಣ ಸರ್ವೋಗಳು ಅಗ್ಗವಾದ ಬಳಿಕ ಮಾದರಿ ರೈಲ್ವೆಗೂ ಕಾಲಿಟ್ಟವು. ಎಸ್‌ಜಿ90 ಎಂಬ ನೀಲಿ ಬಣ್ಣದ ಸರ್ವೋ ವಿದ್ಯಾರ್ಥಿಗಳ ಎಲೆಕ್ಟ್ರಾನಿಕ್ಸ್ ಪ್ರಯೋಗಗಳಲ್ಲೂ ಸಾಮಾನ್ಯವಾಗಿ ಕಾಣಸಿಗುತ್ತದೆ. ಸರ್ವೋಗೆ ಮೂರು ತಂತಿಗಳು: ಕೆಂಪು ಧನಕ್ಕೆ, ಕಂದು ಅಥವಾ ಕಪ್ಪು ಋಣಕ್ಕೆ, ಕಿತ್ತಳೆ, ಹಳದಿ ಅಥವಾ ಬಿಳಿ ಸಂಕೇತಕ್ಕೆ. ತಂತಿ ಮೂರೇ ಎಂದು ಇದನ್ನು ಸೊಲೆನಾಯ್ಡಿನ ಸ್ವಿಚ್ಚಿಗೆ ಜೋಡಿಸಿದರೆ ಸರ್ವೋ ತಕ್ಷಣ ಹಾಳಾಗುತ್ತದೆ. ಇದರ ಪೂರೈಕೆ 5 ವೋಲ್ಟ್.

ಸಂಕೇತ ತಂತಿಯಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ಬರುತ್ತಿರಬೇಕು. ಮಿಡಿತದ ಅಗಲ 1.5 ಮಿಲಿಸೆಕೆಂಡ್ ಇದ್ದರೆ ಸರ್ವೋದ ತೋಳು ನಡುವೆ, 1 ಮಿಲಿಸೆಕೆಂಡಿಗೆ ಇಳಿದರೆ ಒಂದು ಬದಿಗೆ, 2ಕ್ಕೆ ಏರಿದರೆ ಇನ್ನೊಂದು ಬದಿಗೆ ನಿಲ್ಲುತ್ತದೆ. ಸ್ವಿಚ್ಚು ಇಂತಹ ಮಿಡಿತವನ್ನು ನೀಡಲಾರದು. ಆದ್ದರಿಂದ ಸಿದ್ಧ ಸರ್ವೋ ನಿಯಂತ್ರಕ ಅಥವಾ ಆರ್ಡುಯಿನೊದಂತಹ ಮೈಕ್ರೊಕಂಟ್ರೋಲರ್ ಅನಿವಾರ್ಯ. ಪಾಯಿಂಟಿಗೆ ತೋಳಿನ ಪೂರ್ಣ ತಿರುಗುವಿಕೆ ಬೇಕಿಲ್ಲ. ಚಲನೆಯ ಎರಡು ತುದಿಗಳನ್ನೂ ವೇಗವನ್ನೂ ತಂತ್ರಾಂಶದಲ್ಲೇ ನಿಗದಿ ಮಾಡಬಹುದಾಗಿರುವುದು ಸರ್ವೋದ ದೊಡ್ಡ ಗುಣ.

ಕೊರತೆಗಳೂ ಇವೆ. ವಿದ್ಯುತ್ ಹಾಕಿದ ಕ್ಷಣ ಸರ್ವೋ ಒಮ್ಮೆ ಬೆಚ್ಚಿಬೀಳುವಂತೆ ಜಿಗಿದು ಅಲಗನ್ನು ತಿರುಚಬಹುದು. ಅಡೆತಡೆಗೆ ಸಿಕ್ಕಿ ನಿಂತ ಸರ್ವೋ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಸಂಕೇತ ತಂತಿಯನ್ನು ಉದ್ದ ಮಾಡಿ ಹಳಿಯ ತಂತಿಗಳ ಪಕ್ಕದಲ್ಲಿ ಎಳೆದರೆ ಗದ್ದಲ ಸೇರಿ ತೋಳು ನಡುಗುತ್ತದೆ. ಫ್ರಾಗ್ ಸ್ವಿಚ್ಚು ಒಳಗಿಲ್ಲದ ಕಾರಣ ಮೈಕ್ರೊಸ್ವಿಚ್ಚನ್ನೋ ರಿಲೇಯನ್ನೋ ಬೇರೆಯಾಗಿ ಜೋಡಿಸಬೇಕು.

ಫ್ರಾಗ್‌ಗೆ ವಿದ್ಯುತ್

ಎರಡು ಹಳಿಗಳಲ್ಲಿ ವಿರುದ್ಧ ಧ್ರುವತೆಯ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ಫ್ರಾಗ್ ಒಂದು ಸಮಸ್ಯೆಯೇ ಸರಿ. ಅಲ್ಲಿ ಒಂದು ದಾರಿಯ ಎಡ ಹಳಿಯೂ ಇನ್ನೊಂದರ ಬಲ ಹಳಿಯೂ ಒಂದೇ ಲೋಹದಲ್ಲಿ ಕೂಡುತ್ತವೆ. ಫ್ರಾಗನ್ನು ಪ್ಲಾಸ್ಟಿಕ್ಕಿನಿಂದ ಮಾಡಿದರೆ ವೈರಿಂಗ್ ಸರಳ, ಆದರೆ ನಿಧಾನವಾಗಿ ಚಲಿಸುವ ಸಣ್ಣ ಎಂಜಿನ್ನು ಆ ನಿರ್ಜೀವ ತುಣುಕಿನ ಮೇಲೆ ನಿಂತುಬಿಡುತ್ತದೆ. ಪೆಕೋ ಇದಕ್ಕೆ ಇನ್ಸುಲ್‌ಫ್ರಾಗ್ ಎಂದೂ ಲೋಹದ ಸಜೀವ ಫ್ರಾಗಿಗೆ ಎಲೆಕ್ಟ್ರೊಫ್ರಾಗ್ ಎಂದೂ ಹೆಸರಿಟ್ಟಿದೆ. ಅದೇ ಸಂಸ್ಥೆಯ ಯೂನಿಫ್ರಾಗ್‌ನಲ್ಲಿ ಪ್ರತ್ಯೇಕಿಸಿದ ಲೋಹದ ಸಣ್ಣ ಫ್ರಾಗ್ ಇದ್ದು, ಅದಕ್ಕೆ ವಿದ್ಯುತ್ ಕೊಡುವುದೂ ಬಿಡುವುದೂ ಬಳಕೆದಾರನ ಇಚ್ಛೆ.

ಸಜೀವ ಫ್ರಾಗಿನ ನಿಯಮ ಹೀಗಿದೆ: ಮುಚ್ಚಿದ ಅಲಗು ಯಾವ ಸ್ಟಾಕ್ ಹಳಿಗೆ ಅಂಟಿಕೊಂಡಿದೆಯೋ ಆ ಹಳಿಯ ಧ್ರುವತೆಯೇ ಫ್ರಾಗಿಗೂ ಇರಬೇಕು. ಹೊಸ ಪಾಯಿಂಟಿನಲ್ಲಿ ಅಲಗಿನ ಸ್ಪರ್ಶವೇ ಇದನ್ನು ನೆರವೇರಿಸುತ್ತದೆ. ಆದರೆ ಧೂಳು, ಎಣ್ಣೆ, ಹಳಿಗೆ ಬಳಿದ ಬಣ್ಣ ಇವುಗಳಿಂದ ಸ್ಪರ್ಶ ಕೆಡುತ್ತದೆ. ಹಾಗಾಗಿ ಮೋಟಾರಿನೊಂದಿಗೆ ಚಲಿಸುವ ಬದಲಿ ಸ್ವಿಚ್ಚಿನ ಸಾಮಾನ್ಯ ತುದಿಯನ್ನು ಫ್ರಾಗಿಗೂ ಉಳಿದೆರಡನ್ನು ಎರಡು ಸ್ಟಾಕ್ ಹಳಿಗಳಿಗೂ ಬೆಸೆಯುತ್ತಾರೆ. ಪಿಎಂ1ರಲ್ಲಿ ಎಫ್ ತುದಿ ಫ್ರಾಗಿನದು. ಪಿಎಲ್-10ಕ್ಕೆ ಸ್ವಿಚ್ಚನ್ನು ಬೇರೆ ಕೊಂಡು ಅಡಿಯಲ್ಲಿ ಸಿಕ್ಕಿಸಬೇಕು. ಫ್ರಾಗಿನಿಂದ ಮುಂದೆ ಹೋಗುವ ಎರಡೂ ಒಳ ಹಳಿಗಳಿಗೆ ಪ್ಲಾಸ್ಟಿಕ್ ಜೋಡಣೆ ಹಾಕುವುದು ಕಡ್ಡಾಯ. ಅದನ್ನು ಮರೆತರೆ ಮುಂದಿನ ಹಳಿಯ ವಿದ್ಯುತ್ತು ಹಿಂದಿನಿಂದ ಬಂದು ಫ್ರಾಗಿನಲ್ಲಿ ಹ್ರಸ್ವಮಂಡಲವಾಗುತ್ತದೆ.

ನಿಧಾನ ಚಲನೆಯ ಮೋಟಾರಿನಲ್ಲಿ ಇಲ್ಲೊಂದು ಬಲೆ ಅಡಗಿದೆ. ಸೊಲೆನಾಯ್ಡಿನಲ್ಲಿ ಅಲಗೂ ಸ್ವಿಚ್ಚೂ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಬದಲಾಗುತ್ತವೆ. ಮೆಲ್ಲಗೆ ಸರಿಯುವ ಮೋಟಾರಿನಲ್ಲಿ ಒಳಗಿನ ಸ್ವಿಚ್ಚು ಅಡ್ಡದಾರಿಯಲ್ಲೆಲ್ಲೋ ಬದಲಾಗುತ್ತದೆ. ಆ ಹೊತ್ತಿಗೆ ಅಲಗು ಹಳೆಯ ಸ್ಟಾಕ್ ಹಳಿಯನ್ನು ಇನ್ನೂ ಬಿಟ್ಟಿರದಿದ್ದರೆ ಎರಡು ಧ್ರುವಗಳೂ ಫ್ರಾಗಿನಲ್ಲಿ ಕೂಡಿ ಕ್ಷಣಿಕ ಹ್ರಸ್ವಮಂಡಲವಾಗುತ್ತದೆ. ಸೊಲೆನಾಯ್ಡ್ ತೆಗೆದು ನಿಧಾನ ಮೋಟಾರು ಹಾಕಿದ ಮೇಲೆ, ಮೊದಲು ಸರಿಯಿದ್ದ ಪಾಯಿಂಟು ಪ್ರತಿ ಬಾರಿಯೂ ವಿದ್ಯುತ್ ಕಡಿಯುವಂತಾಗುವುದಕ್ಕೆ ಇದೇ ಕಾರಣ. ಪರಿಹಾರವೆಂದರೆ ಅಲಗುಗಳನ್ನು ಫ್ರಾಗಿನಿಂದ ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಿ, ಪ್ರತಿ ಅಲಗನ್ನೂ ಅದರ ಪಕ್ಕದ ಸ್ಟಾಕ್ ಹಳಿಗೆ ಶಾಶ್ವತವಾಗಿ ಬೆಸೆಯುವುದು. ಎಲೆಕ್ಟ್ರೊಫ್ರಾಗಿನ ಕೆಳಬದಿಯಲ್ಲಿ ಇದಕ್ಕಾಗಿ ಕತ್ತರಿಸಬೇಕಾದ ತಂತಿಗಳು ಕಾಣುತ್ತವೆ. ಪಾಯಿಂಟನ್ನು ಹಲಗೆಗೆ ಅಂಟಿಸುವ ಮೊದಲೇ ಈ ಕೆಲಸ ಮುಗಿಸಬೇಕು.

ಡಿಜಿಟಲ್ ನಿಯಂತ್ರಣದಲ್ಲಿ

ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಯಲ್ಲಿ ಪಾಯಿಂಟಿಗೂ ಎಂಜಿನ್ನಿನಂತೆ ಸಂಖ್ಯಾ ವಿಳಾಸ ಕೊಟ್ಟು, ಉಪಕರಣ ಡಿಕೋಡರ್ ಮೂಲಕ ನಡೆಸಬಹುದು. ಸೊಲೆನಾಯ್ಡ್ ಡಿಕೋಡರ್ ಮಿಡಿತ ಮಾತ್ರ ನೀಡುತ್ತದೆ, ನಿಧಾನ ಮೋಟಾರಿನದು ನಿರಂತರ ವಿದ್ಯುತ್ ನೀಡುತ್ತದೆ, ಸರ್ವೋವಿನದು ಸಂಕೇತ ನೀಡುತ್ತದೆ. ಕೆಲವು ಡಿಕೋಡರುಗಳನ್ನು ಬೇರೆ ಬೇರೆ ಬಗೆಗೆ ಹೊಂದಿಸಬಹುದಾದರೂ, ಹೊಂದಿಸುವ ಮೊದಲೇ ಮೋಟಾರನ್ನು ಜೋಡಿಸುವುದು ಅಪಾಯಕರ.

ಡಿಕೋಡರಿಗೆ ಹಳಿಯಿಂದಲೇ ತಂತಿ ಎಳೆಯುವುದು ಸುಲಭವೆಂದು ಕಂಡರೂ ಅದರಿಂದ ವಿಚಿತ್ರ ಬಿಕ್ಕಟ್ಟು ಹುಟ್ಟುತ್ತದೆ. ಎಂಜಿನ್ನು ತಪ್ಪಾಗಿ ಹೊಂದಿಸಿದ ಪಾಯಿಂಟಿನ ಫ್ರಾಗ್ ಏರಿದಾಗ ಹ್ರಸ್ವಮಂಡಲವಾಗಿ ಇಡೀ ವ್ಯವಸ್ಥೆ ನಿಲ್ಲುತ್ತದೆ. ಸರಿಪಡಿಸಲು ಪಾಯಿಂಟನ್ನು ಸರಿಸಬೇಕು, ಸರಿಸಲು ಆಜ್ಞೆ ತಲುಪಬೇಕು, ಆಜ್ಞೆ ತಲುಪಬೇಕಾದ ತಂತಿಯೇ ಸತ್ತಿರುತ್ತದೆ. ಕೊನೆಗೆ ಎಂಜಿನ್ನನ್ನು ಕೈಯಿಂದ ತಳ್ಳುವುದೊಂದೇ ದಾರಿ. ಬೂಸ್ಟರಿನಿಂದ ಹೊರಟ ತಂತಿಯನ್ನು ಎರಡಾಗಿ ಮಾಡಿ, ಹಳಿಯ ಕವಲಿಗೆ ಬೂಸ್ಟರಿಗಿಂತ ಮೊದಲೇ ಕಡಿಯುವ ಪ್ರತ್ಯೇಕ ಸರ್ಕಿಟ್ ಬ್ರೇಕರ್ ಇಟ್ಟು, ಡಿಕೋಡರುಗಳನ್ನು ಇನ್ನೊಂದು ಕವಲಿಗೆ ಸೇರಿಸಿದರೆ ಈ ತೊಡಕು ಬರುವುದಿಲ್ಲ.

ಬೇರೆ ಬಗೆಗಳನ್ನು ಒಂದೇ ಲೇಔಟಿನಲ್ಲಿ ಬಳಸುವಾಗ

ವರ್ಷಗಳ ಕಾಲ ಬೆಳೆದ ಲೇಔಟಿನಲ್ಲಿ ಹಳೆಯ ಭಾಗಕ್ಕೆ ಸೊಲೆನಾಯ್ಡ್, ಹೊಸತಕ್ಕೆ ನಿಧಾನ ಮೋಟಾರು ಎಂಬಂತೆ ಬೆರಕೆ ಸಹಜ. ಇದರಲ್ಲಿ ತಪ್ಪಿಲ್ಲ. ಪ್ರತಿ ಬಗೆಗೂ ಬೇರೆಯೇ ಪೂರೈಕೆ, ಬೇರೆಯೇ ವಾಪಸು ತಂತಿ, ಬೇರೆ ಬಣ್ಣ ಇರಿಸಿಕೊಳ್ಳುವುದು ಮುಖ್ಯ. ಸಿಡಿಯುವಿಗೆ ಜೋಡಿಸಿದ ನಿಧಾನ ಮೋಟಾರು ಒಮ್ಮೆ ಮಿಸುಕಿ ಸುಮ್ಮನಾಗುತ್ತದೆ, ಹಾನಿ ಅಷ್ಟಾಗಿಲ್ಲ. ನಿಧಾನ ಮೋಟಾರಿನ ಸ್ಥಿರ ಸ್ವಿಚ್ಚಿಗೆ ಜೋಡಿಸಿದ ಸೊಲೆನಾಯ್ಡ್ ಮಾತ್ರ ಉಳಿಯುವುದಿಲ್ಲ. ಪೂರೈಕೆಯಲ್ಲಿ ಬಲವಿದ್ದರೆ ಸುರುಳಿ, ಇಲ್ಲದಿದ್ದರೆ ಅಡಾಪ್ಟರ್ ಕೆಡುತ್ತದೆ. ಫಲಕದ ಮೇಲೆ ಎರಡೂ ಬಗೆಯ ಸ್ವಿಚ್ಚುಗಳು ನೋಡಲು ಒಂದೇ ತೆರನಾಗಿರುವುದರಿಂದ ಹಿಂಬದಿಯಲ್ಲಿ ಗುರುತು ಬರೆದಿಡುವುದು ವಾಡಿಕೆ.

ಭಾರತದಲ್ಲಿ ಮನೆಯ ವಿದ್ಯುತ್ತು 230 ವೋಲ್ಟ್. ಹಲಗೆಯ ಅಡಿಗೆ ಆ ವೋಲ್ಟೇಜು ಬರಲೇಕೂಡದು. ಮುಚ್ಚಿದ ಕವಚದ ಸಿದ್ಧ ಅಡಾಪ್ಟರನ್ನು ಗೋಡೆಯ ಬಳಿಯೇ ಇಟ್ಟು, ಕಡಿಮೆ ವೋಲ್ಟಿನ ತಂತಿಯನ್ನಷ್ಟೇ ಲೇಔಟಿಗೆ ತರಬೇಕು.

ದೋಷ ಪತ್ತೆ

ಸೊಲೆನಾಯ್ಡ್ ಒಂದು ಕಡೆಗೆ ಮಾತ್ರ ಸರಿಯುತ್ತಿದ್ದರೆ ಮಲ್ಟಿಮೀಟರಿನಿಂದ ಎರಡೂ ಸುರುಳಿಗಳ ರೋಧ ಅಳೆಯಬೇಕು. ಎರಡೂ ಹತ್ತಿರಹತ್ತಿರ ಸಮನಾಗಿರಬೇಕು. ಒಂದು ಅನಂತ ತೋರಿಸಿದರೆ ತಂತಿ ಸುಟ್ಟು ತುಂಡಾಗಿದೆ, ಇನ್ನೊಂದಕ್ಕಿಂತ ತೀರ ಕಡಿಮೆಯಿದ್ದರೆ ಲೇಪ ಕರಗಿ ಸುತ್ತುಗಳು ಕೂಡಿಕೊಂಡಿವೆ. ಎರಡೂ ಸರಿಯಿದ್ದರೆ ತಪ್ಪು ಸಾಮಾನ್ಯವಾಗಿ ಜೋಡಣೆಯಲ್ಲಿರುತ್ತದೆ: ಅಲಗು ನಟ್ಟನಡುವೆ ಇದ್ದಾಗ ಮೋಟಾರಿನ ದಂಡವೂ ನಟ್ಟನಡುವೆ ಇರುವಂತೆ ಕೂರಿಸದಿದ್ದರೆ ಒಂದು ಬದಿಗೆ ಚಲನೆ ಸಾಲುವುದಿಲ್ಲ. ಪಿಎಂ1ರಲ್ಲಿ ಇದೇ ತಪ್ಪಿನಿಂದ ಅಲಗು ಸರಿದರೂ ಫ್ರಾಗ್ ಸ್ವಿಚ್ಚು ಬದಲಾಗದೆ ಉಳಿಯುವುದುಂಟು.

ಎಲ್ಲ ಸೊಲೆನಾಯ್ಡ್‌ಗಳೂ ಒಮ್ಮೆಲೇ ನಿಂತರೆ ಯಾವುದೋ ಒಂದು ಗುಂಡಿ ಅಂಟಿಕೊಂಡಿದೆ ಎಂದು ಮೊದಲು ಅನುಮಾನಿಸಬೇಕು. ಅದು ಕೆಪಾಸಿಟರನ್ನು ತುಂಬಲು ಬಿಡುವುದಿಲ್ಲ. ಸಿಡಿಯುವಿನ ಕೆಪಾಸಿಟರಿಗೆ ತಕ್ಕ ರೋಧಕದೊಂದಿಗೆ ಒಂದು ಎಲ್‌ಇಡಿ ಜೋಡಿಸಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ: ಪಾಯಿಂಟು ಸರಿದಾಗ ದೀಪ ಆರಿ ಮತ್ತೆ ಹೊತ್ತಬೇಕು, ಹೊತ್ತದಿದ್ದರೆ ಗುಂಡಿಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ನಿಧಾನ ಮೋಟಾರು ತಪ್ಪು ದಿಕ್ಕಿಗೆ ಹೋಗುತ್ತಿದ್ದರೆ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಪಾಯಿಂಟು ಸರಿಯಾಗಿ ಸರಿದೂ ಎಂಜಿನ್ನು ಫ್ರಾಗ್ ಮುಟ್ಟಿದೊಡನೆ ಹ್ರಸ್ವಮಂಡಲವಾಗುತ್ತಿದ್ದರೆ ಮೋಟಾರಿನ ತಂತಿಗಳನ್ನು ಮುಟ್ಟದೆ, ಫ್ರಾಗ್ ಸ್ವಿಚ್ಚಿನಿಂದ ಸ್ಟಾಕ್ ಹಳಿಗಳಿಗೆ ಹೋಗುವ ಎರಡನ್ನು ಬದಲಿಸಬೇಕು.